ಬಂಗುಡೆಯ ಜಾಗದಲ್ಲಿ ಅಮ್ಮನ ಪುಸ್ತಕ

ಕಳೆದ ವರ್ಷ ಮಳೆಗಾಲ ಶುರುವಾದ ವಾರ. ಉಪ್ಪಳದಿಂದ ಅಣ್ಣ ಫೋನ್ ಮಾಡಿ, "ಹಂಚು ಸರಿದು ಕಪಾಟಿಗೆ ನೀರು ಬಿದ್ದಿದೆ. ಅಮ್ಮನ ಪುಸ್ತಕ ನೆನೆದು ಪೂರಾ ಚಂಡಿ" ಎಂದ.

ಅಮ್ಮನ ಪುಸ್ತಕವೆಂದರೆ ಇಗರ್ಜಿಯಲ್ಲಿ ಹಾಡುವ ಕೊಂಕಣಿ ಗೀತೆಗಳ ಹಳೆಯ ಪುಸ್ತಕ. ತೀರಿಹೋಗುವ ಮೊದಲು ಅಮ್ಮ ಅದನ್ನು ಮಗಳಾದ ನನಗೆ ಕೊಡದೆ ಸೊಸೆ ಲಿಲ್ಲಿ ಅತ್ತಿಗೆಯ ಕೈಗೆ ಕೊಟ್ಟಿದ್ದರು. ಬಳೆ, ಸೀರೆ ಅವರಿಗೆ ಹೋದಾಗ ನನಗೇನೂ ಅನಿಸಿರಲಿಲ್ಲ. ಆದರೆ ಭಾನುವಾರ ನಮ್ಮೆರಡೂ ಮನೆಯವರು ಸೇರುವ ಇಗರ್ಜಿಗೆ ಅತ್ತಿಗೆ ಆ ಪುಸ್ತಕವನ್ನು ಎದೆಗೊತ್ತಿಕೊಂಡು ಬರುವುದನ್ನು ಕಂಡರೆ ಹೊಟ್ಟೆಯೊಳಗೆ ಕಿಚ್ಚು. ಹಾಗಾಗಿ ಅಂದು ಬಸ್ಸಿನಲ್ಲಿ ಕುಳಿತಾಗ ದುಃಖದ ಜೊತೆ ಸಣ್ಣ ಸಮಾಧಾನವೂ ಇತ್ತು: ನನ್ನ ಹತ್ತಿರ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ!

ಅಡುಗೆಮನೆಯ ಮೇಜಿನ ಮೇಲೆ ಹೆಪ್ಪುಗಟ್ಟಿದ ಬಂಗುಡೆಗಳ ರಾಶಿ. ಬೋಟುಗಳು ಕಡಲಿಗಿಳಿಯದ ದಿನಗಳಿಗೆಂದು ಕೂಡಿಟ್ಟದ್ದು.

"ಪುಸ್ತಕ ಎಲ್ಲಿ ಅತ್ತಿಗೆ?"

"ಫ್ರೀಝರಲ್ಲಿ ಉಂಟು."

"ಎಂತದು! ಅಮ್ಮನ ಪುಸ್ತಕವನ್ನು ಮೀನಿನ ಜಾಗದಲ್ಲಿ ಇಡುವುದಾ?"

"ಫ್ರೀಝರ್ ತೊಳೆದು, ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತಿಯೇ ಇಟ್ಟದ್ದು ಮಾರಾಯ್ತಿ. ಈ ಮಳೆಗೆ ಹೊರಗಿಟ್ಟರೆ ಬೂಸ್ಟು ಹಿಡಿಯುತ್ತದೆ. ಐಸಿನ ಚಳಿಗೆ ಹಿಡಿಯುವುದಿಲ್ಲವಂತೆ, ಮೊಬೈಲಲ್ಲಿ ನೋಡಿದೆ. ಮಳೆ ಬಿಟ್ಟ ಮೇಲೆ ಒಣಗಿಸುವ."

ಅಣ್ಣ ಬಾಗಿಲಲ್ಲಿ ನಿಂತು, "ಮೀನು ಹೊರಗೆ, ಪುಸ್ತಕ ಒಳಗೆ. ನಾಳೆಯಿಂದ ಗಂಜಿಗೆ ಹಾಡೇ ನೆಂಚಿಕೊಳ್ಳುವುದು" ಎಂದ. ಅತ್ತಿಗೆ ನಕ್ಕರು. ನನಗೆ ನಗು ಬರಲಿಲ್ಲ.

ಮಳೆ ಬಿಟ್ಟಾಗ ಮತ್ತೆ ಹೋದೆ. ಅತ್ತಿಗೆ ಹಾಳೆಗಳ ನಡುವೆ ಟಿಶ್ಯೂ ಕಾಗದವಿಟ್ಟು, ಪುಸ್ತಕವನ್ನು ಫ್ಯಾನಿನ ಗಾಳಿಗೆ ನಿಲ್ಲಿಸಿದ್ದರು. ಒದ್ದೆ ಕಾಗದ ತೆಗೆಯಲು ನಾನೂ ಕೈಹಾಕಿದೆ.

"ಆ ಮೂಲೆ ಜಾಗ್ರತೆ ಜೆಸ್ಸಿ. ಅದು ನಿನ್ನ ಮದುವೆಗೆ ಹಾಡಿದ್ದು. ಅತ್ತೆ ಗುರುತಿಗೆ ಮಡಚಿಟ್ಟದ್ದು."

"ನಿಮಗೆ ಹೇಗೆ ಗೊತ್ತು?"

"ಅವರಿಗೆ ಕಣ್ಣು ಮಂಜಾದ ಮೇಲೆ ಸಂಜೆ ಸಂಜೆ ನಾನೇ ಅಲ್ವಾ ಓದಿ ಹೇಳುತ್ತಿದ್ದದ್ದು? ಆ ಪುಟ ಬಂದರೆ ಎರಡು ಸಲ ಓದಬೇಕಿತ್ತು."

ಆ ಮೂಲೆಯ ಒದ್ದೆ ಕಾಗದವನ್ನು ಮೆಲ್ಲಗೆ ಎಳೆದು ತೆಗೆದೆ.

ಹೊರಡುವಾಗ ಅತ್ತಿಗೆಯೇ, "ಒಣಗಿದ ಮೇಲೆ ನೀನೇ ತಗೊಂಡು ಹೋಗು. ನಿನ್ನ ಅಮ್ಮನದ್ದಲ್ವಾ" ಎಂದರು. ಎಷ್ಟು ವರ್ಷ ಆಸೆಪಟ್ಟ ಮಾತು! ಆಗ ನನ್ನ ಕಪಾಟು ನೆನಪಾಯಿತು. ಕಾನ್ವೆಂಟಿನಲ್ಲಿ ಬಹುಮಾನ ಬಂದ ಪುಸ್ತಕಗಳಿಗೆ ಪ್ಲಾಸ್ಟಿಕ್ ಸುತ್ತಿ ಬೀಗ ಹಾಕಿಟ್ಟಿದ್ದೆ. ಮೊನ್ನೆ ತೆರೆದು ನೋಡಿದಾಗ ಎಲ್ಲದರ ಮೇಲೂ ಬಿಳಿ ಬೂಸ್ಟು ಹಿಡಿದಿತ್ತು.

"ಇಲ್ಲೇ ಇರಲಿ ಅತ್ತಿಗೆ" ಎಂದೆ.

ಪುಸ್ತಕ ಉಬ್ಬಿದೆ, ರಟ್ಟು ಸರಿಯಾಗಿ ಮುಚ್ಚುವುದಿಲ್ಲ. ಭಾನುವಾರ ಅತ್ತಿಗೆಯ ಪಕ್ಕದಲ್ಲೇ ನಿಂತು ಅದನ್ನು ನೋಡಿ ಹಾಡುತ್ತೇನೆ. ಮಡಚಿದ ಆ ಪುಟ ಬಂದಾಗ ಮಾತ್ರ, ಅಮ್ಮನ ಆ ಸಂಜೆಗಳೆಲ್ಲ ಅವರಿಗೇ ಸಿಕ್ಕಿದವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.