ಗೊರಸಿನಿಂದ ನೋಡಿದ ಕುದುರೆ

ಸೋಮಲಿಂಗಪ್ಪ ಮೈಸೂರಿನ ರೇಸ್‌ಕೋರ್ಸಿನಲ್ಲಿ ನಲವತ್ತೆರಡು ವರ್ಷ ಕುದುರೆಗೆ ಲಾಳ ಹೊಡೆದವರು. ಮುಖ ನೋಡಿ ಮೆಚ್ಚುವವನು ಕೊಳ್ಳುವವನು, ಗೊರಸು ನೋಡಿ ಹೇಳುವವನು ಬಲ್ಲವನು ಎಂಬುದು ಅವರ ಮಾತು. ಅಮೆರಿಕದ ಹರ್ನ್‌ಡನ್‌ನಲ್ಲಿ ಮಗಳು ವೇದಾಳ ಮನೆ ಸೇರಿ ಮೂರು ವರ್ಷ. ಆ ಬಲ್ಲತನವನ್ನು ಕೇಳಿದ ನರಪಿಳ್ಳೆ ಇಲ್ಲ.

ಅಂಥವರನ್ನು ಒಂದು ಭಾನುವಾರ ವಾಷಿಂಗ್ಟನ್ನಿನ ಚಿತ್ರಶಾಲೆಗೆ ಕರೆದೊಯ್ದರು. ಅಲ್ಲೊಂದು ಮೊಳದುದ್ದದ ಪಟ. ಯುದ್ಧ, ಬಿರುಗಾಳಿಗಳನ್ನು ಬರೆದು ಹೆಸರಾದ ಹಳೆಯ ಫ್ರೆಂಚ್ ಕಲಾವಿದನೊಬ್ಬ ಇಲ್ಲಿ ಮಾತ್ರ ಲಾಯದಲ್ಲಿ ನಿಂತ ಒಂಟಿ ಬೂದುಗುದುರೆಯನ್ನು ಬರೆದಿದ್ದ. ಪಟ ತೋರಿಸುತ್ತಿದ್ದ ಹೆಂಗಸು ಹೇಳಿದ್ದನ್ನು ಮೊಮ್ಮಗಳು ಮಧುರಾ ಕನ್ನಡಕ್ಕೆ ತಂದಳು: "ತಾತ, ಹಾರ್ಸ್ ರೆಸ್ಟ್ ಮಾಡ್ತಿದೆಯಂತೆ."

"ರೆಸ್ಟೂ ಇಲ್ಲ, ಗಿಸ್ಟೂ ಇಲ್ಲ! ಮುಂಗಾಲು ನೋಯ್ತಿದೆ ಅದಕ್ಕೆ!"

"ಅಪ್ಪಾ, ಮೆಲ್ಲಗೆ," ಎಂದಳು ವೇದಾ. "ಕುದುರೆ ಕಂಡ್ರೆ ಜನಕ್ಕೆ ಕಾಲುನೋವು ಬರತ್ತೆ. ನೀವು ಕುದುರೆಗೇ ಬರಿಸಿದ್ರಲ್ಲ!"

ನೋವಿನ ಕಾಲು ಕಂಡರೆ ಲಾಳದವನು ನೇರ ಗೊರಸಿಗೆ ಕೈ ಹಾಕುವುದಿಲ್ಲ. ಮೊದಲು ಭುಜದ ಮೇಲೆ ಅಂಗೈ, ಆಮೇಲೆ ಕೆಳಕ್ಕೆ. ಸೋಮಲಿಂಗಪ್ಪನವರ ನಾಲಗೆ ಲೊಚಗುಟ್ಟಿತು, ಕೈ ತಾನಾಗಿ ಚಾಚಿತು.

ಕೀ... ಎಂದು ಪಟದ ಎಚ್ಚರಿಕೆ ಗಂಟೆ ಕಿರುಚಿತು! ಕಾವಲುಗಾರ ಓಡಿಬಂದು ಬಾಗಿಲು ತೋರಿಸಿದ. ವೇದಾಳ ಮುಖ ಕೆಂಪೇರಿತು.

"ಹೊರಗೆ ಹಾಕ್ಲಿ ಕಣಮ್ಮ. ನಾನು ಹೇಳೋದನ್ನ ಒಂದ್ಸಲ ಕೇಳಿ ಹಾಕ್ಲಿ. ಮಧುರಾ, ಹೇಳೇ ಅವ್ರಿಗೆ! ಹಿಂಗಾಲು ಸಡಿಲ ಬಿಟ್ರೆ ಆರಾಮು. ಮುಂಗಾಲು ಹಿಂಗೆ ಮುಂದಕ್ಕೆ ಚಾಚಿ, ಭಾರ ಹಿಂದಕ್ಕೆ ಹಾಕಿದ್ರೆ ನೋವು!" ಎಂದವರೇ ಪಂಚೆ ಮೇಲೆತ್ತಿ, ಒಂದು ಕಾಲು ಮುಂದಿಟ್ಟು, ಕತ್ತು ಇಳಿಬಿಟ್ಟು ಸಾಕ್ಷಾತ್ ಕುದುರೆಯಾಗಿಯೇ ನಿಂತರು.

ಮಧುರಾ ಒಂದೇ ಉಸಿರಿಗೆ ಇಂಗ್ಲಿಷಿಗೆ ತಂದಳು. ಆ ಹೆಂಗಸು ಕಾವಲುಗಾರನಿಗೆ ತಡೆಯಲು ಸನ್ನೆ ಮಾಡಿ, ಮಂಡಿಯೂರಿ ಪಟದ ಕುದುರೆಯ ಕಾಲು ನೋಡಿದಳು. ಸೋಮಲಿಂಗಪ್ಪನವರ ಕಾಲು ನೋಡಿದಳು. ಮತ್ತೆ ಪಟ ನೋಡಿದಳು.

"ತಾತ! ಟ್ವೆಲ್ವ್ ಇಯರ್ಸಿಂದ ಅವರು ರೆಸ್ಟ್ ಅಂತಾನೇ ಹೇಳ್ತಿದ್ರಂತೆ. ಇನ್ನು ನಿಮ್ಮ ಮಾತೂ ಸೇರಿಸಿ ಹೇಳ್ತಾರಂತೆ! ಪಕ್ಕದ್ದೂ ನೋಡ್ತೀರಾ ಅಂತ ಕೇಳ್ತಿದ್ದಾರೆ."

ಕಾವಲುಗಾರ ಎರಡು ಹೆಜ್ಜೆ ದೂರ ತೋರಿಸಿದ. ಸೋಮಲಿಂಗಪ್ಪ ಮೂರು ಹೆಜ್ಜೆ ದೂರ ನಿಂತು, ಸುತ್ತ ನೆರೆದ ಹತ್ತಾರು ಜನರ ಎದುರು ಗಂಟಲು ಸರಿಮಾಡಿಕೊಂಡರು. ಪಕ್ಕದ ಪಟದಲ್ಲಿ ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ಹಾರುವ ರೇಸ್ ಕುದುರೆ.

"ಇದನ್ನ ಬರೆದವನು ಲಾಯದ ಕಡೆ ತಲೆ ಹಾಕಿಲ್ಲ. ಹಿಂಗೆ ಓಡಿದ್ರೆ ಹೊಟ್ಟೆ ನೆಲಕ್ಕೆ ಬೀಳ್ತದೆ. ಹೇಳೇ ಮಗಾ, ಒಂದಕ್ಷರ ಬಿಡ್ಬೇಡ!"