ಸಿಗ್ನಲ್ ಕರೆಯುತ್ತಿದ್ದ ಶಮೀಮಕ್ಕ

ಶಮೀಮಕ್ಕ ರೈಲು ಓಡಿಸುವಾಗ ಎರಡು ದನಿಯಲ್ಲಿ ಮಾತಾಡುತ್ತಿದ್ದರು. ಮೊದಲನೆಯದು ದಪ್ಪ ದನಿ, ಕೊಂಚ ಗದರುವಂಥದ್ದು: "ಹೋಮ್ ಸಿಗ್ನಲ್?" ಎರಡನೆಯದು ಸಣ್ಣದು, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗಿಯದು: "ಹಸರು." ಇಂಜಿನ್ನಿನ ಮುಂದಿನ ಆ ಗಾಜಿನ ಕೋಣೆಯಲ್ಲಿ ಇರುತ್ತಿದ್ದವರು ಅವರೊಬ್ಬರೇ. ಸ್ವೀಡನ್ನಿನಲ್ಲಿ ರೈಲು ಚಾಲಕರಿಗೆ ಜೊತೆಗಾರರಿಲ್ಲ. ಆದರೂ ಉತ್ತರ ತುದಿಯ ಕಿರುನಾ ಪಟ್ಟಣದಿಂದ ಹೊರಟು, ಸರೋವರದ ದಂಡೆ ಹಿಡಿದು, ಪರ್ವತ ದಾಟಿ, ನಾರ್ವೆ ದೇಶದ ನಾರ್ವಿಕ್ ಬಂದರಿಗೆ ಇಳಿಯುವ ಮೂರು ಗಂಟೆಯ ದಾರಿಯುದ್ದಕ್ಕೂ ಪ್ರತಿ ಸಿಗ್ನಲನ್ನೂ ಒಂದು ದನಿ ಕೇಳುತ್ತಿತ್ತು, ಇನ್ನೊಂದು ದನಿ ಉತ್ತರಿಸುತ್ತಿತ್ತು.

ಇದನ್ನು ಅವರು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಿಂದ ತಂದಿದ್ದರು. ಅವರ ಅಪ್ಪ ಅಲ್ಲಿ ರೈಲು ಡ್ರೈವರ್. ನಮ್ಮ ಕಡೆ ಡ್ರೈವರ್ ಮತ್ತು ಸಹಾಯಕ ಇಬ್ಬರೂ ಸಿಗ್ನಲ್ ನೋಡಿ, ಕೈ ತೋರಿಸಿ, ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಸಿಗ್ನಲ್ ಕರೆಯುವುದು ಎನ್ನುತ್ತಾರೆ. ಹೋಮ್ ಎಂದರೆ ಸ್ಟೇಷನ್ನಿಗೆ ಒಳಬರುವ ಸಿಗ್ನಲ್, ಸ್ಟಾರ್ಟರ್ ಎಂದರೆ ಹೊರಡುವ ಸಿಗ್ನಲ್. ಅಪ್ಪ ಊಟಕ್ಕೆ ಕೂತಾಗಲೂ ಮಕ್ಕಳಿಗೆ "ಹೋಮ್?" ಅಂತ ಕೇಳುತ್ತಿದ್ದರಂತೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತ ರೀತಿ ನೋಡಿ ಮಕ್ಕಳು ಕೆಂಪೋ ಹಸಿರೋ ಹೇಳಬೇಕಿತ್ತು.

ಶಮೀಮಕ್ಕನನ್ನು ನಾನು ಮೊದಲು ನೋಡಿದ್ದು ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದ ಒಂದು ಸಭಾಂಗಣದಲ್ಲಿ, ಕನ್ನಡದವರ ಭಾನುವಾರದ ಊಟದಲ್ಲಿ. ಅಷ್ಟು ಮಟ್ಟಿಗೆ ನೆನಪು ಗಟ್ಟಿ. ಬಿಸಿಬೇಳೆಬಾತ್ ಇತ್ತು ಎಂದು ದಿನಚರಿಯಲ್ಲಿದೆ. ಪುಳಿಯೋಗರೆ ಎಂದು ನಾಲಗೆ ಹೇಳುತ್ತದೆ. ಇಪ್ಪತ್ತು ವರ್ಷದಿಂದ ದಿನಚರಿ ಬರೆಯುತ್ತ ಬಂದಿದ್ದೇನೆ, ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ಇನ್ನೂ ಗೊತ್ತಾಗಿಲ್ಲ.

ಅಂಥ ಕಡೆ ಮಂಗಳೂರಿನವರು, ಬೆಳಗಾವಿಯವರು ಎಲ್ಲರೂ ತಮ್ಮ ಮಾತನ್ನು ಸ್ವಲ್ಪ ಇಸ್ತ್ರಿ ಮಾಡಿಕೊಂಡೇ ಬರುತ್ತಾರೆ. ಶಮೀಮಕ್ಕ ಮಾಡಿರಲಿಲ್ಲ. ಊಟದ ಸಾಲಿನಲ್ಲಿ ನಿಂತು ಇಡೀ ಸಭಾಂಗಣಕ್ಕೆ ಕೇಳುವಂತೆ ಹುಬ್ಬಳ್ಳಿಯ ಮಾತಾಡುತ್ತಿದ್ದರು. ಆಯೋಜಕರೊಬ್ಬರು ನಗುನಗುತ್ತಲೇ, "ಮೇಡಂ, ಸ್ವಲ್ಪ ನೀಟಾಗಿ ಮಾತಾಡಿ, ಮಕ್ಕಳು ಕನ್ನಡ ಕಲೀತಿದ್ದಾರೆ" ಅಂದರು.

"ನಿಮ್ಮ ಮಗಳು ಈಗ ನನಗ ಸ್ವೀಡಿಷ್‌ನಾಗ ನೀರು ಕೇಳಿದ್ಲುರೀ," ಅಂದರು ಶಮೀಮಕ್ಕ. "ನಾ ಕೆಡಸಾಕ ಅಲ್ಲಿ ಕನ್ನಡ ಎಲ್ಲಿ ಐತಿ, ತೋರಸ್ರಿ."

ನಾನು ನಕ್ಕೆ. ಅವರು ತಿರುಗಿ ನೋಡಿದರು. "ನೀ ಯಾಕ ನಗ್ತಿ ತಂಗಿ? ನೀನೂ ಬೆಂಗಳೂರು ಇಂಗ್ಲಿಷ್‌ನಾಗ ನಗಾಕತ್ತಿ." ನಮ್ಮ ಗೆಳೆತನ ಶುರುವಾದದ್ದು ಹೀಗೆ.

ಗಂಡ ಇಕ್ಬಾಲಣ್ಣ ಸೋಡರ್‌ಟೆಲ್ಯೆಯ ಟ್ರಕ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ಜೊತೆ ಬಂದ ಶಮೀಮಕ್ಕ ಸ್ವೀಡಿಷ್ ಕಲಿತು, ಚಾಲಕರ ತರಬೇತಿ ಮುಗಿಸಿ, ಕೆಲವು ವರ್ಷ ಸ್ಟಾಕ್‌ಹೋಮಿನ ಲೋಕಲ್ ರೈಲು ಓಡಿಸಿದರು. ಮಕ್ಕಳು ದೊಡ್ಡವರಾದ ಮೇಲೆ ಕಿರುನಾಕ್ಕೆ ವರ್ಗ ಕೇಳಿದರು. ಆ ಕತ್ತಲು, ಆ ಚಳಿ ಯಾಕೆ ಬೇಕು ಎಂದು ಎಲ್ಲರೂ ಕೇಳಿದರು. "ಲೋಕಲ್ ಗಾಡಿ ಅಂದ್ರ ಲಿಫ್ಟ್ ಇದ್ದಂಗ, ಮಲಗಿಸಿದ ಲಿಫ್ಟ್. ನನಗ ಘಾಟ್ ಬೇಕು" ಅನ್ನುವುದೇ ಅವರ ಉತ್ತರ. ಇಕ್ಬಾಲಣ್ಣ ಬೇಗ ನಿವೃತ್ತಿ ತೆಗೆದುಕೊಂಡು ಹಿಂದೆಯೇ ಹೋದರು. ಹೆಂಡತಿಯ ಥರ್ಮಾಸಿಗೆ ಚಹಾ ತುಂಬುವುದು ಅವರ ಹೊಸ ಉದ್ಯೋಗವಾಯಿತು.

ಒಂದು ಮಾರ್ಚ್ ತಿಂಗಳಲ್ಲಿ ನಾನು ಅವರ ಜೊತೆ ಇಂಜಿನ್ನಿನಲ್ಲಿ ಹೋದೆ. ಲಿಖಿತ ಅನುಮತಿ ಸಿಗಲು ಬಹಳ ದಿನ ಹಿಡಿಯಿತು. ಅದೇ ದಿನ ಅವರ ಕಂಪನಿಯವರು ಪ್ರವಾಸಿಗರಿಗಾಗಿ ಚಾಲಕರ ಕಣ್ಣಿನಿಂದ ಕಾಣುವ ದಾರಿಯ ವೀಡಿಯೊ ಚಿತ್ರ ತೆಗೆಯಲೆಂದು ಗಾಜಿಗೆ ಕ್ಯಾಮೆರಾ ಅಂಟಿಸಿದ್ದರು.

ಪ್ರಯಾಣಿಕರ ಕಿಟಕಿಯಿಂದ ಪರ್ವತ ಪಕ್ಕಕ್ಕೆ ಸರಿಯುತ್ತದೆ. ಚಾಲಕರ ಗಾಜಿನಲ್ಲಿ ಅದು ಎದುರಿಗೇ ಬರುತ್ತದೆ. ಹಿಮದ ನಡುವೆ ಎರಡು ಕಪ್ಪು ಗೆರೆ, ಬಲಕ್ಕೆ ಹೆಪ್ಪುಗಟ್ಟಿದ ಸರೋವರ, ಆಗಾಗ ಹಿಮ ಬೀಳದಂತೆ ಹಳಿಗೆ ಹೊದಿಸಿದ ಮರದ ಸುರಂಗ. ಒಳಹೊಕ್ಕರೆ ಕತ್ತಲು, ಹೊರಬಂದರೆ ಕಣ್ಣು ಕುಕ್ಕುವ ಬೆಳಕು. ಹಿಮಸಾರಂಗಗಳ ಗುಂಪೊಂದು ಹಳಿಯ ಮೇಲೆ ನಿಂತಿತ್ತು. ಶಮೀಮಕ್ಕ ಗಾಡಿಯನ್ನು ನಡಿಗೆಯ ವೇಗಕ್ಕೆ ತಂದು, "ಸರೀರಿ ಬೀಗರ, ಸರೀರಿ" ಅಂತ ಸಣ್ಣಸಣ್ಣ ಹಾರ್ನ್ ಕೊಟ್ಟರು. ಅವು ಅವಸರವಿಲ್ಲದೆ ಸರಿದವು.

"ಇವತ್ತು ನೀನ ನನ್ನ ಅಸಿಸ್ಟಂಟ್," ಅಂದರು. "ನಾ ಕೇಳ್ತೀನಿ, ನೀ ನೋಡಿ ಹೇಳು. ಸುಮ್ನ ಕೂಡಬ್ಯಾಡ." ಆಗ ಅವರ ಅಪ್ಪನ ವಿಷಯ ಬಂತು. ಅಥವಾ ಇದನ್ನು ಅವರು ಮುಂಚೆಯೇ ಸೋಲ್ನಾದಲ್ಲಿ ಹೇಳಿದ್ದರೇನೋ. ಒಂದು ಸಲ ಅಪ್ಪನಿಗೂ ಅವರ ಸಹಾಯಕನಿಗೂ ಜಗಳವಾಗಿತ್ತು. ಮಾತು ಬಿಟ್ಟಿದ್ದರು. ಒಂದು ಸಣ್ಣ ಸ್ಟೇಷನ್ನಿನಲ್ಲಿ ಒಬ್ಬರೂ ಸಿಗ್ನಲ್ ಕರೆಯಲಿಲ್ಲ. ಗಾಡಿ ಕೆಂಪು ದಾಟಿ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಪ್ಪ ಮತ್ತೆಂದೂ ಇಂಜಿನ್ ಹತ್ತಲಿಲ್ಲ. ಕೊನೆಯವರೆಗೂ ಶೆಡ್ಡಿನಲ್ಲಿ ಬೇರೆಯವರ ಇಂಜಿನ್ ತೊಳೆಸುವ ಕೆಲಸ ನೋಡಿಕೊಂಡರು.

"ಸಿಟ್ಟು ಇರ್ಲಿ. ಮಾರಿ ನೋಡದಿದ್ರ ಬಿಡ್ಲಿ. ಸಿಗ್ನಲ್ ಕರೀಬೇಕಿತ್ತು, ಹೌದಿಲ್ಲೋ?"

"ಇಲ್ಲಿ ಕೆಂಪು ದಾಟಿದ್ರೆ ಗಾಡಿ ತಾನೇ ನಿಲ್ಲೋ ಯಂತ್ರ ಇದೆಯಲ್ಲಕ್ಕ?"

"ಐತಿ. ಯಂತ್ರ ತನ್ನ ಕೆಲಸ ಮಾಡ್ಲಿ, ನಾ ನಂದು ಮಾಡ್ತೀನಿ. ಕಣ್ಣು ಸುಳ್ಳು ಹೇಳ್ತೈತಿ ತಂಗಿ. ಬಾಯಿಗೆ ಬಂದಾಗ ಸಿಕ್ಕೊಂತೈತಿ."

ಅಬಿಸ್ಕೋ ಹತ್ತಿರ ಎಡಕ್ಕೆ ಒಂದು ಕಣಿವೆ ತೆರೆದುಕೊಳ್ಳುತ್ತದೆ. ಎರಡು ಬೆಟ್ಟಗಳ ನಡುವೆ ಯಾರೋ ದೊಡ್ಡ ಸೌಟಿನಿಂದ ಕೆರೆದು ತೆಗೆದಂತಿದೆ. ನಾನು ಅದನ್ನು ನೋಡುತ್ತಿದ್ದೆ. "ಹೋಮ್?" ಎಂದರು. ಉತ್ತರಿಸಿದೆ. ಗಾಡಿ ಆಗಲೇ ನಿಧಾನವಾಗಿತ್ತು, ನಿಂತೇ ಹೋಯಿತು. ಎದುರಿಗೆ ಕೆಂಪು.

ಅಂದಿನ ದಿನಚರಿಯಲ್ಲಿ ಹೀಗಿದೆ: "ನಾನು ಹಳದಿ ಎಂದೆ, ಕೆಂಪಾಗಿತ್ತು. ಶಮೀಮಕ್ಕ ನಕ್ಕರು."

ಕೆಲವು ವಾರದ ಮೇಲೆ ಕಂಪನಿಯಿಂದ ನನಗೊಂದು ಪತ್ರ ಬಂತು. ಚಿತ್ರ ಬಹಳ ಚೆನ್ನಾಗಿದೆ, ಆದರೆ ಮಾತು ತೆಗೆದು ಹಿತವಾದ ಸಂಗೀತ ಹಾಕುತ್ತೇವೆ. ನಿಮ್ಮ ದನಿಯೂ ಇರುವುದರಿಂದ ಒಪ್ಪಿಗೆ ಬೇಕು ಎಂದಿತ್ತು. ತಕ್ಷಣ ಸಹಿ ಹಾಕಿದೆ. ನನ್ನ ತಪ್ಪು ಲೋಕಕ್ಕೆಲ್ಲ ಕೇಳುವುದು ಯಾರಿಗೆ ಬೇಕಿತ್ತು? ಅಂಚೆಗೆ ಹಾಕುವ ಮುಂಚೆ, ಸೌಜನ್ಯಕ್ಕೆಂದು, ಶಮೀಮಕ್ಕನಿಗೆ ಫೋನ್ ಮಾಡಿದೆ.

ಅವರು ಆಗಲೇ ಮೇಲಧಿಕಾರಿಯ ಜೊತೆ ಮೂರು ಸಲ ಮಾತಾಡಿ ಬಂದಿದ್ದರು. ಆತ ಒಳ್ಳೆಯವನೇ, ಕಾಫಿ ಕೊಟ್ಟು, ಬನ್ನು ಕೊಟ್ಟು, ಮೆಲ್ಲಗೆ ಹೇಳಿದ್ದನಂತೆ: ನೋಡುವವರಿಗೆ ಈ ಭಾಷೆ ಅರ್ಥವಾಗುವುದಿಲ್ಲ.

"ನಾ ಕೇಳಿದೆ, ಆ ಪರ್ವತ ಯಾವ ಭಾಷಾದಾಗ ಐತಿ, ಅದು ಅರ್ಥ ಆಗತೈತೇನು ಅಂತ. ನಾ ಗಾಡಿ ಹೊಡ್ಯೂದು ಹಿಂಗ. ದನಿ ತಗದ್ರ ಅದು ನನ್ನ ಗಾಡಿ ಅಲ್ಲ. ಬ್ಯಾರೆ ಯಾರ್ದರ ತಗೀರಿ ಅಂದೆ."

"ಅಕ್ಕ, ನಾನು ಸಹಿ ಹಾಕಿಬಿಟ್ಟಿದ್ದೀನಿ. ಅದರಲ್ಲಿ ನಾನು ತಪ್ಪು ಹೇಳಿರೋದು ಇದೆಯಲ್ಲ."

"ನಿನ್ನ ದನಿ ನಿಂದು. ಬೇಕಂದ್ರ ತಗಿಸ್ಕೋ. ಆದ್ರ ನನ್ನ ಪ್ರಶ್ನಿ ಅಲ್ಲೇ ಉಳೀತೈತಿ. ಕೇಳಿದ್ದಕ್ಕ ಉತ್ತರ ಬರಲಿಲ್ಲ ಅಂದ್ರ ಗಾಡಿ ನಿಲ್ಲಸಬೇಕು, ಅಷ್ಟ."

ಪತ್ರ ಮೇಜಿನ ಮೇಲೆ ನಾಲ್ಕು ದಿನ ಇತ್ತು. ಐದನೆಯ ದಿನ ಹರಿದೆ. ಧೈರ್ಯದಿಂದ ಹರಿದೆ ಎಂದು ಬರೆಯಲು ಆಸೆಯಾಗುತ್ತದೆ. ಅವರ ಬೈಗುಳದ ಹೆದರಿಕೆಯೂ ಇತ್ತು.

ಕಂಪನಿ ಬೇರೊಬ್ಬ ಚಾಲಕನ ಪ್ರಯಾಣವನ್ನು ಚಿತ್ರೀಕರಿಸಿ ಸಂಗೀತ ಹಾಕಿ ಬಿಟ್ಟಿತು. ಬಹಳ ಜನ ನೋಡುತ್ತಾರೆ. ನಾನೂ ನೋಡಿದ್ದೇನೆ, ನಿದ್ದೆ ಬರುತ್ತದೆ. ಶಮೀಮಕ್ಕ ತಮ್ಮ ಚಿತ್ರದ ಒಂದು ಪ್ರತಿ ಕೇಳಿ, ಕಾಡಿ, ಪಡೆದುಕೊಂಡರು.

ಅದಾದ ಎರಡು ವರ್ಷಕ್ಕೆ ಹೃದಯದ ತೊಂದರೆಯೆಂದು ವೈದ್ಯರು ಅವರನ್ನು ಇಂಜಿನ್ನಿನಿಂದ ಇಳಿಸಿದರು. ನೋಡಿಬರಲು ಹೋದೆ. ಹೊರಡುವ ದಿನ ಮಧ್ಯಾಹ್ನ ಕಿರುನಾ ನಿಲ್ದಾಣಕ್ಕೆ ಗಂಡಹೆಂಡತಿ ಇಬ್ಬರೂ ಬಂದರು. ನಾನು ಬೋಗಿಯ ಬಾಗಿಲಲ್ಲಿ ನಿಂತು ಏನೋ ಸಮಾಧಾನ ಹೇಳಲು ಹೊರಟಿದ್ದೆ. ಶಮೀಮಕ್ಕ ನನ್ನ ಮಾತನ್ನು ಕೈಯಲ್ಲೇ ತಡೆದು ಪ್ಲಾಟ್‌ಫಾರಂ ಮುಂದಕ್ಕೆ ನಡೆದರು. ಕಂಪನಿಯ ಜಾಕೆಟ್ಟಿಲ್ಲ, ಗುರುತಿನ ಚೀಟಿಯಿಲ್ಲ, ಮೇಲೆ ಇಕ್ಬಾಲಣ್ಣನ ದೊಡ್ಡ ಕೋಟು. ಇಂಜಿನ್ನಿನ ಪಕ್ಕ ನಿಂತು, ಮುಂದಿನ ಸಿಗ್ನಲಿಗೆ ಕೈ ಚಾಚಿ, ದಪ್ಪ ದನಿಯಲ್ಲಿ ಕೂಗಿದರು: "ಸ್ಟಾರ್ಟರ್?"

ಕೆಂಪು ಗಡ್ಡದ ಚಾಲಕ ಕಿಟಕಿ ಇಳಿಸಿ, ತಾನೂ ಕೈ ತೋರಿಸಿ, "ಗ್ರೋನ್, ಶಮೀಮ್" ಅಂದ. ಸ್ವೀಡಿಷ್‌ನಲ್ಲಿ ಹಸಿರು. ದಿನಾ ನಡೆಯುವ ವ್ಯವಹಾರವೆಂದು ಅವನ ಮುಖ ಹೇಳುತ್ತಿತ್ತು.

"ಬ್ಯಾಡ ಅಂದ್ರೂ ಬರ್ತಾಳ," ಅಂದರು ಇಕ್ಬಾಲಣ್ಣ. "ನಾಳೆ ಆಸ್ಪತ್ರಿಗೆ ಕರ್ಕೊಂಡ ಹೊಂಟ್ರ, ಆಂಬುಲೆನ್ಸಿಗೂ ಸಿಗ್ನಲ್ ಕರೀತಾಳ." ಗಾಡಿ ಹೊರಟಿತು. ಶಮೀಮಕ್ಕ ನನ್ನ ಕಡೆ ನೋಡಲಿಲ್ಲ, ಕೊನೆಯ ಬೋಗಿ ದಾಟುವವರೆಗೂ ಸಿಗ್ನಲ್ ಕಡೆಗೇ ನೋಡುತ್ತಿದ್ದರು.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಇಕ್ಬಾಲಣ್ಣ ಒಂದು ಪೆನ್‌ಡ್ರೈವ್ ಕಳಿಸಿದರು. ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಚಿತ್ರ ನೋಡಿದೆ. ಗಡಿ ದಾಟುವಾಗ ಅವರು "ದೇಶ ಬದಲಾತು, ಹಳಿ ಬದಲಾಗಲಿಲ್ಲ" ಅಂದರೆಂದು ನಾನು ಬರೆದುಕೊಂಡಿದ್ದೇನೆ. ಚಿತ್ರದಲ್ಲಿ ಅವರು ಅನ್ನುವುದು ಇಷ್ಟೇ: "ಥರ್ಮಾಸ್ ತಗಿ, ಚಾ ಆರತೈತಿ."

ಅಬಿಸ್ಕೋದ ಕೆಂಪು ದೀಪದ ಮುಂದೆ ನಾನು ಹಳದಿ ಎಂದಿರಲಿಲ್ಲ. "ಹಸಿರು, ಹಸಿರು" ಎಂದಿದ್ದೆ, ಎರಡು ಸಲ, ಉಪಚಾರದ ದನಿಯಲ್ಲಿ. ಅವರು ನಗಲೂ ಇಲ್ಲ. "ನೀ ಸಿಗ್ನಲ್ ನೋಡ್ಲಿಲ್ಲ. ನನ್ನ ಖುಷಿ ಮಾಡಾಕ ಹೇಳಿದಿ" ಅಂದರು. ಆಮೇಲೆ ಬಹಳ ಹೊತ್ತು ನನ್ನ ದನಿ ಇಲ್ಲ. ಮುನಿಸಿಕೊಂಡಿದ್ದೆ ಎಂದು ಕಾಣುತ್ತದೆ. ಎದುರಿನಿಂದ ಪಕ್ಕದ ಹಳಿಯಲ್ಲಿ ಖಾಲಿ ಅದಿರಿನ ಗಾಡಿ ಬಂದು, ಮುಗಿಯದಂತೆ ಮುಗಿದು, ಹೋಗುತ್ತದೆ. ದೀಪ ಹಸಿರಾಗುತ್ತದೆ.

"ಹೋಮ್?"

ಉತ್ತರವಿಲ್ಲ. ಚಿತ್ರದಲ್ಲಿ ಏನೂ ಅಲುಗುವುದಿಲ್ಲ. ಹಿಮ, ಹಳಿ, ಹಸಿರು ದೀಪ. ಅವರ ಸಣ್ಣ ದನಿ ಈಗ ಬಂದುಬಿಡುತ್ತದೆ ಎಂದುಕೊಂಡೆ. ಒಬ್ಬರೇ ಇದ್ದಾಗ ತಾವೇ ಹೇಳಿಕೊಳ್ಳುವವರಲ್ಲವೇ. ಬರಲಿಲ್ಲ. ಹನ್ನೊಂದು ಸೆಕೆಂಡು ಆ ರೈಲು, ಹಿಂದಿನ ಬೋಗಿಗಳಲ್ಲಿ ಕೂತ ಅಷ್ಟೂ ಜನರೊಂದಿಗೆ, ಹಸಿರಿನ ಮುಂದೆ ನಿಂತಿದೆ.

"ಸಿಟ್ಟಿದ್ರ ಇರ್ಲಿ ತಂಗಿ. ಬಣ್ಣ ಹೇಳು."

"ಹಸಿರು."

"ನೋಡಿ ಹೇಳಿದೇನು?"

"ನೋಡಿ ಹೇಳಿದೆ."

ಗಾಡಿ ಹೊರಡುತ್ತದೆ.