ಕರೆಂಟ್ ಹೋದಾಗ ಕಂಡ ಮುಖ

ಹಾರೂಗೇರಿಯ ಹುಡುಗಿಯರು ಕಪ್ಪಗಿರುತ್ತಿದ್ದುದು ಸಮ್ಮೇದನ ಫೋಟೊ ಸ್ಟುಡಿಯೊದ ಬಾಗಿಲಿನವರೆಗೆ ಮಾತ್ರ. ಒಳಗೆ ಹೋಗಿ, ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂತು, ಗದ್ದ ಎತ್ತಿ, ಉಸಿರು ಹಿಡಿದು, ಮರುದಿನ ಲಕೋಟೆಯಲ್ಲಿ ಹೊರಬರುವಷ್ಟರಲ್ಲಿ ಎಲ್ಲರೂ ಹಾಲಿನಲ್ಲಿ ಅದ್ದಿ ತೆಗೆದಂತಾಗಿರುತ್ತಿದ್ದರು. ಅವನ ಕಂಪ್ಯೂಟರಿನೊಳಗೆ ಬಿಸಿಲಿಗೆ ಪ್ರವೇಶವಿರಲಿಲ್ಲ. ಕಬ್ಬಿನ ಹೊಲದಲ್ಲಿ ಬೆಳೆದವಳೂ ಅಂಗಡಿಯ ಗಲ್ಲೆಯ ಹಿಂದೆ ಬೆಳೆದವಳೂ ಅಲ್ಲಿ ಒಂದೇ ಬಣ್ಣ. ಸ್ಟುಡಿಯೊದ ಗೋಡೆ ತುಂಬ ತೂಗುಬಿದ್ದ ವಧುಗಳನ್ನು ಕಂಡ ಪರವೂರಿನವರು, ಇವರೆಲ್ಲ ಒಬ್ಬಳೇ ತಾಯಿಯ ಮಕ್ಕಳೇನೋ ಎಂದುಕೊಳ್ಳಬೇಕು.

ಆ ಗೋಡೆಯ ಮೊದಲ ಫೋಟೊ ಅವನ ಅಕ್ಕ ಸುಂದರಾಳದು. ಅಕ್ಕನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, “ಹುಡುಗಿ ಚಲೋ ಅದಾಳ್ರಿ, ಆದ್ರ ಬಣ್ಣ ಒಂದ ಸ್ವಲ್ಪ...” ಎಂದು ಚಪ್ಪಲಿ ಮೆಟ್ಟುತ್ತಿದ್ದ ಕಾಲ ಅದು. ಚಿಕ್ಕೋಡಿಯ ಸ್ಟುಡಿಯೊ ಒಂದರಲ್ಲಿ ಕೆಲಸ ಕಲಿಯುತ್ತಿದ್ದ ಸಮ್ಮೇದ, ಅಲ್ಲಿಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ ಅಕ್ಕನ ಮುಖವನ್ನು ಬೆಳದಿಂಗಳು ಮಾಡಿದ. ಫೋಟೊ ನೋಡಿಯೇ ರಾಯಬಾಗದ ಹಿರಿಯರು ಮಾತು ಕೊಟ್ಟುಬಿಟ್ಟರು. ಹುಡುಗಿಯನ್ನು ಕಂಡಾಗ ಹಿಂತೆಗೆಯಲು ಮರ್ಯಾದೆ ಅಡ್ಡ ಬಂತು. ಮದುವೆಯಾಗಿ ಹೋಗುವಾಗ ಅಕ್ಕ ಎಲ್ಲವನ್ನೂ ಕಟ್ಟಿಕೊಂಡಳು, ಆ ಫೋಟೊ ಒಂದನ್ನು ಬಿಟ್ಟು. “ಇಕಿ ಯಾರೋ ಏನೋ, ಇಲ್ಲೇ ಇರ್ಲಿ” ಎಂದಳು. ಸಮ್ಮೇದನಿಗೆ ಆ ಮಾತು ನಗೆಯಂತೆ ಕೇಳಿಸಿತು. ಊರಿನವರಿಗೆ ಮಾತ್ರ ಒಂದು ಸಂಗತಿ ಖಾತ್ರಿಯಾಯಿತು: ಸಮ್ಮೇದ ಫೋಟೊ ತೆಗೆದರೆ ಲಗ್ನ ಆದಂತೆಯೇ.

ಆ ಹೆಸರು ವರುಷಗಟ್ಟಲೆ ಅವನ ಸಂಸಾರ ಸಾಕಿತು. ಅದಕ್ಕೆ ಮೊದಲ ಕಂಟಕ ಬಂದದ್ದು ಬೆಲ್ಲದ ವ್ಯಾಪಾರಿ ಭಾವುಸಾಹೇಬರ ಮಗಳು ಮಯೂರಿಯ ಲ್ಯಾಪ್‌ಟಾಪಿನಿಂದ.

ವರ ವಿಕ್ರಾಂತ, ಉಗಾರ ಖುರ್ದದ ಮನೆತನದವನು. ಗುಜರಾತಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯವನಿಗೆ ಸ್ವಂತ ಮದುವೆಗೂ ರಜೆ ಸಿಗುವುದು ಕಷ್ಟ, ಇನ್ನು ಹುಡುಗಿ ನೋಡುವುದಕ್ಕೆ ಯಾರು ಕೊಡುತ್ತಾರೆ? ಸಮ್ಮೇದ ತೆಗೆದ ಫೋಟೊ ಮೊದಲೇ ಹೋಗಿ ಮೆಚ್ಚುಗೆ ಪಡೆದಿತ್ತು. ಮಗನ ಜತೆಗಿದ್ದ ತಾಯಿ, ಕಂಪ್ಯೂಟರಿನಲ್ಲೇ ಮುಖಾಮುಖಿ ಮಾಡಿ ಮುಗಿಸೋಣ ಎಂದರು.

ಬೆಳಿಗ್ಗೆ ಬ್ರೌಸರಿನಲ್ಲಿ ಕಾಲ್ ಹಚ್ಚಿದರೆ ಮಯೂರಿಯ ಮುಖ ಪಟಪಟನೆ ಮಿನುಗತೊಡಗಿತು. ಒಂದು ಗಳಿಗೆ ಬೆಳ್ಳಗೆ, ಒಂದು ಗಳಿಗೆ ಮಬ್ಬು. ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆಗಳ ಸವಾರಿ.

“ಹುಡುಗಿ ಮಾರಿ ಮ್ಯಾಲೆ ಏನೋ ಹರದಾಡಾಕತ್ತೈತ್ರಿ! ರಿಪೇರಿ ಮಾಡಸ್ರಿ, ಮಧ್ಯಾಹ್ನ ಮತ್ತ ಹಚ್ಚತೇವಿ” ಎಂದರು ವರನ ತಾಯಿ.

ಭಾವುಸಾಹೇಬರು ಚಿಂತೆಗೆ ಬೀಳಲಿಲ್ಲ. ಕೆಟ್ಟದ್ದು ಕ್ಯಾಮೆರಾ. ಕ್ಯಾಮೆರಾ ಎಂದ ಮೇಲೆ ಸಮ್ಮೇದ.

ಸಮ್ಮೇದ ಚೀಲ ಹೆಗಲಿಗೇರಿಸಿ ಡಾಕ್ಟರನ ಗತ್ತಿನಲ್ಲಿ ಬಂದ. ಮೆತ್ತನೆಯ ಬಟ್ಟೆಯಿಂದ ಲ್ಯಾಪ್‌ಟಾಪಿನ ಕಣ್ಣು ಒರೆಸಿದ. ತಲೆ ಎತ್ತಿ ನೋಡಿದರೆ ಪಡಸಾಲೆಯ ಗೋಡೆಯ ಮೇಲೆ ಎರಡು ಹಳೆಯ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಧೂಳು ಬರುತ್ತದೆಂದು ಕಿಟಕಿ ಮುಚ್ಚಿತ್ತು. ಅವನಿಗೆ ರೋಗ ತಿಳಿದುಹೋಯಿತು. ಟ್ಯೂಬಿನ ಬೆಳಕು ನಮ್ಮ ಕಣ್ಣಿಗೆ ಕಾಣದ ವೇಗದಲ್ಲಿ ಏರಿಳಿಯುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ; ಮದುವೆಯ ವಿಡಿಯೊಗಳಲ್ಲಿ ಅವನು ಇದನ್ನು ಬೇಕಾದಷ್ಟು ಅನುಭವಿಸಿದ್ದ. ಟ್ಯೂಬ್ ಆರಿಸಿ ಕಿಟಕಿ ತೆರೆದರೆ ಮುಗಿಯಿತು.

ಕೈ ಸ್ವಿಚ್ಚಿನವರೆಗೂ ಹೋಯಿತು. ಅಷ್ಟರಲ್ಲಿ ಮಯೂರಿ ಬಂದು ಸೋಫಾದ ಮೇಲೆ ಕೂತಳು. ಎಣ್ಣೆಗಪ್ಪು ಬಣ್ಣ, ತುಂಬಿದ ಕೆನ್ನೆ, ಕೆನ್ನೆಯ ಮೇಲೆ ಅವಳ ಅಜ್ಜಿಗಿದ್ದಂಥದೇ ಮಚ್ಚೆ. ಫೋಟೊದಲ್ಲಿ ಆ ಬಣ್ಣವೂ ಇರಲಿಲ್ಲ, ಮಚ್ಚೆಯೂ ಇರಲಿಲ್ಲ. ಮಚ್ಚೆಯನ್ನು ಯಾರೂ ಹೇಳದೆ, ಪ್ರೀತಿಯಿಂದ, ಅವನೇ ಒರೆಸಿ ಹಾಕಿದ್ದ.

ಕೈ ಹಿಂದಕ್ಕೆ ಬಂತು. ಚಿತ್ರ ಸ್ವಚ್ಛವಾದರೆ ಅತ್ತ ಕಡೆಯವರು ಇವಳು ಯಾರೆಂದು ಕೇಳುತ್ತಾರೆ. ಸಂಬಂಧ ಮುರಿಯುತ್ತದೆ. ಮುರಿದದ್ದು ಸಮ್ಮೇದನ ಫೋಟೊದಿಂದ ಎಂದು ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ತನಕ ಗೊತ್ತಾಗುತ್ತದೆ. ಆಮೇಲೆ ಸ್ಟುಡಿಯೊಕ್ಕೆ ಯಾರು ಬರುತ್ತಾರೆ? ಮಿನುಗು ಗುಣಪಡಿಸಲು ಕರೆಸಿಕೊಂಡವನಿಗೆ ಆ ಮಿನುಗೇ ಈಗ ದೇವರಾಯಿತು.

“ಏನಾಗೇತೋ ಸಮ್ಮೇದ?”

“ಬೆಳಕ ಸಾಲವಲ್ದ್ರಿ ಭಾವುಸಾಹೇಬ್ರ. ಇನ್ನೊಂದ ಟ್ಯೂಬ್ ಹಚ್ಚಬೇಕ.”

ಅಡುಗೆಮನೆಯ ಟ್ಯೂಬ್ ಬಿಚ್ಚಿ ತಂದು ಕಟ್ಟಿದರು. ಮಯೂರಿಯ ಮುಖ ಈಗ ಮದುವೆ ಮನೆಯ ಮಾಲೆದೀಪದಂತೆ ಕುಣಿಯಿತು. ಸಮ್ಮೇದ ಗಂಭೀರವಾಗಿ ಬ್ರೌಸರ್ ಬದಲಿಸಿದ, ಲ್ಯಾಪ್‌ಟಾಪ್ ಬಂದ್ ಮಾಡಿ ಹಚ್ಚಿದ, ಅದರ ಮುಚ್ಚಳವನ್ನು ಹಿಂದೆ ಮುಂದೆ ವಾಲಿಸಿದ. ಮಯೂರಿಯ ತಾಯಿ ಲಕ್ಷ್ಮಿಬಾಯಿ, “ಯಾರದೋ ಕೆಟ್ಟ ದೃಷ್ಟಿ” ಎಂದು ಉಪ್ಪು ಮೆಣಸಿನಕಾಯಿ ತಂದು ಲ್ಯಾಪ್‌ಟಾಪಿಗೆ ನಿವಾಳಿಸಿದರು. ಅದಕ್ಕೂ ಸಮ್ಮೇದ, “ಹೌದ್ರಿ, ಇದೂ ಆಗಲಿ” ಎಂದ.

“ಕಾಕಾ, ಫೋನಿನ ಕ್ಯಾಮೆರಾದಾಗೂ ಹಿಂಗs ಆಗಾಕತ್ತೈತಿ” ಎಂದಳು ಮಯೂರಿ. “ಲ್ಯಾಪ್‌ಟಾಪ್ ಕೆಟ್ಟಿಲ್ಲ ಅನಸ್ತೈತಿ.”

“ನೀ ಸುಮ್ನ ಕುಂದರವಾ. ನೋಡಾಕ ಬಂದಾಗ ಹುಡುಗಿ ಇಷ್ಟೆಲ್ಲಾ ಮಾತಾಡಬಾರ್ದು” ಎಂದ ಸಮ್ಮೇದ.

“ಅವ್ರು ಎಲ್ಲಿ ಬಂದಾರ? ಗುಜರಾತ್‌ದಾಗ ಅದಾರ” ಎಂದು ಅವಳು ನಕ್ಕಳು.

ಮಧ್ಯಾಹ್ನ ಕಾಲ್ ಬಂತು. ಪಟ್ಟೆಗಳ ನಡುವೆ ಮಯೂರಿ ನಮಸ್ಕಾರ ಮಾಡಿದಳು. ಕ್ಯಾಮೆರಾಕ್ಕೆ ಕಾಣದಂತೆ ಬದಿಗೆ ನಿಂತ ಸಮ್ಮೇದ, “ನೆಟ್‌ವರ್ಕ್ ಪ್ರಾಬ್ಲೆಮ್ ಐತ್ರಿ!” ಎಂದು ಕೂಗಿ ಹೇಳಿದ.

“ಇರ್ಲಿ ಬಿಡ್ರಿ” ಎಂದರು ವರನ ತಾಯಿ. “ಫೋಟೋ ನೋಡೇವಲ್ಲ, ಹುಡುಗಿ ಪಸಂತ ಐತಿ.”

ಸಮ್ಮೇದನ ಎದೆಯ ಮೇಲಿನ ಕಲ್ಲು ಇಳಿಯಿತು. ಆ ಕ್ಷಣಕ್ಕೇ ಕರೆಂಟ್ ಹೋಯಿತು. ಆ ಹೊತ್ತಿಗೆ ದಿನವೂ ಹೋಗುವಂಥದೇ. ತನ್ನ ಜಾಣತನದ ಭರದಲ್ಲಿ ಅವನೊಬ್ಬನೇ ಅದನ್ನು ಮರೆತಿದ್ದ. ನೆಟ್ ಮೊಬೈಲಿನದು, ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು. ಹಾಗಾಗಿ ಕಾಲ್ ಕಡಿಯಲಿಲ್ಲ. ಕತ್ತಲಾಯಿತೆಂದು ಲಕ್ಷ್ಮಿಬಾಯಿ ಕಿಟಕಿ ತೆರೆದರು.

ಬಿಸಿಲು ಸದ್ದಿಲ್ಲದೆ ಒಳಗೆ ಬಂದು ಹುಡುಗಿಯ ಪಕ್ಕ ಕೂತಿತು. ಪಟ್ಟೆಗಳು ಮಾಯವಾದವು. ತೆರೆಯ ಮೇಲೆ, ನಿಂತ ನೀರಿನಲ್ಲಿ ಕಂಡಂತೆ ನಿಚ್ಚಳವಾಗಿ, ಮಯೂರಿ.

ಅತ್ತ ಕಡೆಯಿಂದ ವರನ ತಾಯಿಯ ದನಿ: “ಇಕಿ ಯಾರ್ರಿ?”

ಸಮ್ಮೇದ ಗೋಡೆಗೆ ಒರಗಿದ. ಭಾವುಸಾಹೇಬರು ಅವನನ್ನು ನೋಡಿದರು, ಅವನು ಟ್ಯೂಬ್‌ಲೈಟನ್ನು ನೋಡಿದ. ಮಾತಾಡಿದವಳು ಮಯೂರಿ.

“ನಾನs ರಿ. ಫೋಟೋ ನಮ್ಮ ಸಮ್ಮೇದ ಕಾಕಾಂದು, ಮಾರಿ ನಂದು.”

ವಿಕ್ರಾಂತ ಗಟ್ಟಿಯಾಗಿ ನಕ್ಕ. ತಲೆಯ ಮೇಲಿನ ಟೋಪಿ ತೆಗೆದು ಮೇಜಿನ ಮೇಲಿಟ್ಟ. ನೆತ್ತಿ ಮಿರಿಮಿರಿ ಮಿಂಚಿತು. “ಹಂಗಾದ್ರ ಇದನ್ನೂ ನೋಡಿಬಿಡ್ರಿ. ನನ್ನ ಫೋಟೋದಾಗಿನ ಕೂದಲಾ ಉಗಾರದಾಗs ಉಳದಾವ.”

“ಟೋಪಿ ತಗೀಬ್ಯಾಡ ಅಂದಿದ್ನಲ್ಲೋ!” ಎಂದು ತಾಯಿ ಪಿಸುಗುಟ್ಟಿದ್ದು ಇಡೀ ಪಡಸಾಲೆಗೆ ಕೇಳಿಸಿತು.

ಮಯೂರಿ ನಕ್ಕಳು; ಕೆನ್ನೆ ಏರಿದಾಗ ಮಚ್ಚೆಯೂ ಏರಿತು. ಅವರಿಬ್ಬರ ಮಾತು ಬ್ಯಾಟರಿ ಮುಗಿಯುವವರೆಗೆ ನಡೆಯಿತು. ಸಮ್ಮೇದ ಯಾರಿಗೂ ಹೇಳದೆ ಚೀಲ ಎತ್ತಿಕೊಂಡು ಹೋದ.

ಸಂಬಂಧ ಕುದುರಿತು. ಸಮ್ಮೇದ ಮಾತ್ರ ಊರಿನ ನಗೆಪಾಟಲಿಗೆ ಕಾಯುತ್ತ ಸ್ಟುಡಿಯೊದಲ್ಲಿ ಬಾಗಿಲು ಅರ್ಧ ತೆರೆದು ಕೂತಿದ್ದ. ಆದರೆ ಊರು ತನ್ನದೇ ರೀತಿಯಲ್ಲಿ ಲೆಕ್ಕ ಹಾಕಿತ್ತು: “ಖರೇ ಮಾರಿ ನೋಡಿದ ಮ್ಯಾಲೂ ಒಪ್ಪ್ಯಾರಂದ್ರ, ಸಮ್ಮೇದನ ಫೋಟೋ ಎಷ್ಟ ಜೋರ್ ಇರಬೇಕ!”

ಮೊದಲು ಬಂದವಳು ಗೌರಾಬಾಯಿ, ಮಗಳನ್ನು ಮುಂದೆ ದಬ್ಬಿಕೊಂಡು. “ಭಾಳ ಬ್ಯಾಡ್ರಿ. ಕರೆಂಟ್ ಹೋದ್ರೂ ಗೊತ್ತಾಗಬಾರ್ದು, ಅಷ್ಟ ಬೆಳ್ಳಗ ಮಾಡ್ರಿ.”

ಹುಡುಗಿ ತಾನಾಗಿ ಸ್ಟೂಲಿನ ಮೇಲೆ ಕೂತು ಉಸಿರು ಹಿಡಿದಳು. ಅವಳ ತಲೆಯ ಮೇಲೆ, ಗೋಡೆಯ ಮೊದಲ ಫೋಟೊದಲ್ಲಿ, ಅಕ್ಕ ಬಿಟ್ಟುಹೋದ ಬೆಳ್ಳನೆಯ ಹೆಂಗಸು ಯಾರಿಗೂ ಸೇರದವಳಂತೆ ನಗುತ್ತಿದ್ದಳು. ಸಮ್ಮೇದ ಆ ಫೋಟೊದ ಕಡೆ ನೋಡಿದ. ಟ್ಯೂಬ್ ಆರಿಸಿದ. ಸ್ಟುಡಿಯೊ ಶುರುವಾದಾಗಿನಿಂದ ಮುಚ್ಚಿಯೇ ಇದ್ದ ಕಿಟಕಿಯನ್ನು ಗುದ್ದಿ ತೆರೆದ. “ಉಸಿರಾಡವಾ” ಎಂದು ಹೇಳಿ ಫೋಟೊ ತೆಗೆದ.

ಕಂಪ್ಯೂಟರಿನ ಮುಂದೆ ಗೌರಾಬಾಯಿ ಅವನ ಹೆಗಲ ಮೇಲಿಂದ ಇಣುಕಿದಳು. “ಇನ್ನೊಂದ ಸ್ವಲ್ಪ ರಿ... ಇನ್ನೊಂದ ಸ್ವಲ್ಪ...”

ಸಮ್ಮೇದ ಮೌಸಿನ ಮೇಲಿಂದ ಕೈ ತೆಗೆದ.

“ಇಲ್ಲಿಗೆ ಸಾಕ್ರಿ ವೈನಿ. ಕರೆಂಟಿಂದು ಹೇಳಾಕ ಬರೂದಿಲ್ಲ.”